ಕಡಲ ತಳದಲ್ಲಿ ನಾನೆಳೆದ ಕರೆಂಟ್ ಲೈನ್

ಸ್ಕೂಟರ್ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ನಾನು ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ನಂಜನಗೂಡಿನಲ್ಲಿ ನಾವಿದ್ದದ್ದು ಮೊದಲ ಮಹಡಿಯ ಮನೆ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಆಗದ ಮಾತು. ಹಾಗಾಗಿ ಗಂಡ ನನ್ನನ್ನು ತಿ. ನರಸೀಪುರದ ಹತ್ತಿರದ ತವರಿಗೆ ಕರೆತಂದು ಬಿಟ್ಟುಹೋದರು. ಅವ್ವ ನಡುಮನೆಯಲ್ಲೇ ಮಂಚ ಹಾಕಿಸಿದಳು. ಮಂಚದ ಪಕ್ಕದ ಮೇಜಿನ ಮೇಲೆ ತಮ್ಮನ ಕಂಪ್ಯೂಟರ್ ಇತ್ತು.

ತಮ್ಮ ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿದ್ದ, ವಾರದ ಕೊನೆಗೆ ಬರುತ್ತಿದ್ದ. ನಾನು ಬೇಜಾರಿನಲ್ಲಿ ಸೂರು ನೋಡುತ್ತಾ ಮಲಗಿದ್ದನ್ನು ಕಂಡು ಒಂದು ಆಟ ಹಾಕಿಕೊಟ್ಟ. ಯಾವುದೋ ಗ್ರಹದ ಕಡಲಿಗೆ ಬಿದ್ದ ಒಬ್ಬನೇ ಮನುಷ್ಯ ನೀರಿನೊಳಗೆ ಮನೆ ಕಟ್ಟಿಕೊಂಡು ಬದುಕಬೇಕು, ಅಷ್ಟೇ ಆಟ. ತಮ್ಮ ಆಗಲೇ ಒಂದು ದೊಡ್ಡ ಮನೆ ಕಟ್ಟಿ, ಆಡುವುದನ್ನು ಬಿಟ್ಟಿದ್ದ.

"ಇದ್ರಲ್ಲಿ ರಾತ್ರಿ ಆದ್ರೆ ಕರೆಂಟೇ ನಿಲ್ಲಲ್ಲ ಕಣಕ್ಕ. ನಂಗೆ ಸಾಕಾಗೋಯ್ತು. ಬೇಕಾದ್ರೆ ನೀನು ಆಡ್ಕೊ, ಕೆಟ್ರೆ ಕೆಡ್ಲಿ" ಅಂದ.

ಮೊದಲೆರಡು ದಿನ ನಾನು ಮುಳುಗಿ ಸತ್ತದ್ದಕ್ಕೆ ಲೆಕ್ಕವಿಲ್ಲ. ಈಜು ಕೈಗೆ ಹತ್ತಿದ ಮೇಲೆ ತಮ್ಮನ ಮನೆಯೊಳಗೆ ಹೋದೆ. ಗಾಜಿನ ಗೋಡೆಗಳು, ಹೊರಗೆ ಬಣ್ಣಬಣ್ಣದ ಮೀನು. ಆದರೆ ಆಟದಲ್ಲಿ ಸಂಜೆಯಾಗುತ್ತಿದ್ದಂತೆ ದೀಪಗಳು ಆರಿಹೋದವು. ಕರೆಂಟ್ ಹೋದರೆ ಆ ಮನೆಯಲ್ಲಿ ಗಾಳಿಯೂ ಇಲ್ಲ. ಸ್ವಂತ ಮನೆಯ ಕೋಣೆಯೊಳಗೇ ಉಸಿರುಕಟ್ಟಿ ಸತ್ತೆ.

ತಮ್ಮ ಸೂರಿನ ಮೇಲೆ ಸೋಲಾರ್ ಹಲಗೆಗಳನ್ನು ಜೋಡಿಸಿದ್ದ. ಮನೆ ಇದ್ದದ್ದು ಆಳದಲ್ಲಿ, ಅಲ್ಲಿಗೆ ಬಿಸಿಲು ತಲುಪುವುದೇ ಕಷ್ಟ. ಅದರ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆಗಳು, ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರ, ಎಲ್ಲವೂ ಒಟ್ಟಿಗೇ ಓಡುತ್ತಿದ್ದವು. ನಮ್ಮೂರಿನಲ್ಲಿ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಬಂದಾಗ ಪಂಪ್‌ಸೆಟ್ ಹಾಕಬೇಕು, ಇಲ್ಲದಾಗ ದೀಪ, ಫ್ಯಾನಿನಲ್ಲಿ ಸುಮ್ಮನಿರಬೇಕು. ಹಾಗೆ ಬೆಳೆದ ನನಗೆ ತಮ್ಮ ಮಾಡಿದ್ದು ಕಣ್ಣಿಗೆ ಹೊಡೆಯಿತು. ಸೋಲಾರ್ ಹಲಗೆಗಳನ್ನು ಕಿತ್ತು ಮೇಲಿನ ಬಂಡೆಯ ಮೇಲೆ, ಬಿಸಿಲು ಬೀಳುವಲ್ಲಿ ಹಾಕಿ ಅಲ್ಲಿಂದ ಮನೆಗೆ ಲೈನ್ ತಂದೆ. ತುಂಬಿದ ಬ್ಯಾಟರಿಗಳನ್ನು ಚಾರ್ಜಿನಿಂದ ತೆಗೆದಿಟ್ಟೆ. ನೀರಿನ ಯಂತ್ರದಲ್ಲಿ ಬಾಟಲಿ ತುಂಬಿದರೆ ಅದು ತಾನಾಗಿಯೇ ನಿಲ್ಲುತ್ತದೆಂದು ಗೊತ್ತಾಯಿತು. ಬಾಯಾರುವವರೆಗೂ ಬಾಟಲಿಗೆ ಕೈ ಹಾಕಲಿಲ್ಲ. ಆಟದ ಆ ರಾತ್ರಿ ಕಡಲ ಮನೆಯಲ್ಲಿ ಬೆಳಗಿನವರೆಗೂ ದೀಪ ಆರಲಿಲ್ಲ. ನಾನು ಜೋರಾಗಿ ಕೂಗಿಬಿಟ್ಟೆನೇನೋ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅವ್ವ ಚೆಂಬು ಹಿಡಿದುಕೊಂಡೇ ಬಂದಳು.

"ಏನಾಯ್ತವ್ವ, ಕಾಲು ನೋಯ್ತಾ ಅದಾ?"

"ಇಲ್ಲ ಕಣವ್ವ, ರಾತ್ರಿಯೆಲ್ಲ ಕರೆಂಟ್ ನಿಂತ್ಕಂತು."

ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ಪಕ್ಕದಲ್ಲಿ ಕೂತು ನೋಡಿದಳು. ಮರುದಿನವೂ ಬಂದಳು. ಆಟದಲ್ಲಿ ಒಂದು ತೊಟ್ಟಿಯಿದೆ. ಮೀನು, ಕಾಯಿ, ಗಿಡ ಏನು ಹಾಕಿದರೂ ಕೊಳೆಸಿ ಕರೆಂಟ್ ಮಾಡುತ್ತದೆ. ಅದನ್ನು ತೋರಿಸಿದಾಗ ಅವ್ವ, "ಇದು ನಮ್ ಗೋಬರ್ ಗ್ಯಾಸ್ ಅಲ್ವಾ?" ಅಂದಳು. ನಾನು ಮೀನು ಹಿಡಿದು ಹಿಡಿದು ತುಂಬುವುದನ್ನು ನೋಡಿ ಅವಳಿಗೆ ಸರಿಬರಲಿಲ್ಲ. "ದಿನಾ ಎಲ್ಲಿ ಅಟ್ಟಿಸ್ಕಂಡು ಓಯ್ತೀಯೆ? ಮನೆ ಪಕ್ದಲ್ಲೇ ಏನಾರ ಬೆಳ್ಕೊಂಡು ಆಕು." ಅಂದಿನಿಂದ ಮನೆಯ ಮಗ್ಗುಲಲ್ಲೇ ಕಡಲಗಿಡಗಳ ಒಂದು ಪಾತಿ ಮಾಡಿದೆ. ಡೇರಿಗೆ ಹಾಲು ಹಾಕಿ ಬಂದು ಸೀರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ತೊಟ್ಟಿಗೆ ಆಕಿದ್ಯಾ?" ಎಂದು ಕೇಳುವುದು ಅವಳ ರೂಢಿಯಾಯಿತು.

ನನಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ದೂರದ ಕಂದಕದಲ್ಲಿ ನೆಲ ಬಿರಿದು ಕುದಿನೀರು ಉಕ್ಕುವ ಜಾಗವೊಂದಿತ್ತು. ಆ ಬಿಸಿಯಿಂದ ಓಡುವ ಯಂತ್ರ ಹಾಕಿದರೆ ಹಗಲು ರಾತ್ರಿಯ ಭೇದವಿಲ್ಲ, ತೊಟ್ಟಿ ತುಂಬುವ ಗೋಜೂ ಇಲ್ಲ. ಆದರೆ ಅಲ್ಲಿಂದ ಮನೆಗೆ ಕಂಬ ನೆಟ್ಟು ಲೈನ್ ತರಬೇಕು. ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ ಬಂಡೆ ಅಡ್ಡ ಬಂದರೆ ಲೈನ್ ಕಡಿದುಹೋಗುತ್ತದೆ. ಬಿಸಿಯ ಹತ್ತಿರ ಹೋದರೆ ಮೈ ಸುಡುತ್ತದೆ, ದೂರ ನಿಂತರೆ ಯಂತ್ರ ಕೂರುವುದಿಲ್ಲ. ಸುಟ್ಟುಕೊಂಡು ಸತ್ತು, ಮತ್ತೆ ಹೋಗಿ, ಅಂತೂ ಯಂತ್ರ ಕೂರಿಸಿದೆ. ಅರ್ಧ ದಾರಿಯಲ್ಲಿ ಒಂದು ಗುಡ್ಡ ಎದುರಾಯಿತು. ಅದರ ಮೇಲೆ ಹತ್ತಿಸಲು ನೋಡಿದೆ, ಆಗಲಿಲ್ಲ.

"ಬಳಸ್ಕಂಡು ಓಗು. ನಮ್ಮೂರಿಗೂ ಲೈನು ಕೆರೆ ಬಳಸ್ಕಂಡೇ ಬಂದಿರಾದು" ಎಂದಳು ಅವ್ವ.

ಬಳಸುತ್ತಿರುವಾಗಲೇ ನಮ್ಮ ಮನೆಯ ನಿಜವಾದ ಕರೆಂಟ್ ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. ಅದು ಕೆಲವೇ ನಿಮಿಷ ತಡೆಯುತ್ತದೆ. ನಾವು ಕೈಯಾರೆ ಸೇವ್ ಮಾಡಿ ಉಳಿಸದಿದ್ದರೆ ಆಟ ಅಲ್ಲಿಗೆ ಮುಗಿಯಿತು, ಬೆಳಗಿನಿಂದ ಪಟ್ಟ ಪಾಡೆಲ್ಲ ನೀರುಪಾಲು. ಅವಸರಕ್ಕೆ ಉಳಿಸುವ ಬಟನ್ ಎಲ್ಲಿದೆ ಎಂಬುದೇ ಮರೆತುಹೋಯಿತು. ಉಳಿಸಿ ಕೈ ತೆಗೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮಧ್ಯಾಹ್ನವೆಲ್ಲ ನಾನೂ ಅವ್ವನೂ ಅವರೆಕಾಯಿ ಸುಲಿಯುತ್ತಾ, ಉಳಿದಿದೆಯೋ ಇಲ್ಲವೋ ಎಂದು ಚಿಂತೆ ಮಾಡಿದೆವು. ಕರೆಂಟ್ ಬಂದಾಗ ಕಂಬಗಳೆಲ್ಲ ನಾನು ಬಿಟ್ಟಲ್ಲೇ ನಿಂತಿದ್ದವು. ಕೊನೆಯ ಕಂಬ ಹಾಕಿದ ಕೂಡಲೇ ನೀಲಿ ಗೆರೆಯೊಂದು ಕಂದಕದಿಂದ ಗುಡ್ಡ ಬಳಸಿ ಮನೆಯವರೆಗೂ ಮಿಂಚಿತು. ಎಲ್ಲ ಯಂತ್ರಗಳನ್ನೂ ಒಟ್ಟಿಗೇ ಹಾಕಿದೆ. ದೀಪ ಅಲುಗಾಡಲಿಲ್ಲ. ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಕಳೆದ ವರ್ಷಗಳಲ್ಲಿ, ಇದನ್ನು ಪೂರ್ತಿ ನಾನೇ ಮಾಡಿದೆ ಎಂದು ತೋರಿಸುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಅಂದು ಇತ್ತು.

ವಾರದ ಕೊನೆಗೆ ಬಂದ ತಮ್ಮ ಬ್ಯಾಗು ಇಳಿಸದೇ ಕುರ್ಚಿಯಲ್ಲಿ ಕೂತ. ಲೈನಿನ ಜೊತೆಗೇ ಈಜುತ್ತಾ ಕಂದಕದವರೆಗೂ ಹೋಗಿ ಬಂದ.

"ಯಾರ್ನಾದ್ರೂ ಕೇಳ್ಕೊಂಡು ಮಾಡಿದ್ಯಾ ಅಕ್ಕ?"

"ಅವ್ವನ್ನ ಕೇಳ್ದೆ" ಅಂದೆ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ನಂಜನಗೂಡಿಗೆ ಮರಳಿ ಕೆಲಸಕ್ಕೆ ಹೋಗತೊಡಗಿದ ಮೇಲೆ, ಒಂದು ಭಾನುವಾರ ತಮ್ಮ ಹಾಸ್ಟೆಲಿನಿಂದ ಫೋನ್ ಮಾಡಿದ. ಅವನ ಗೆಳೆಯನ ಕಡಲ ಮನೆಯಲ್ಲೂ ಕರೆಂಟ್ ನಿಲ್ಲುತ್ತಿಲ್ಲವಂತೆ. "ನಂಗೊತ್ತಿಲ್ಲ ಕಣ್ಲಾ, ನಮ್ಮಕ್ಕನ್ನೇ ಕೇಳು" ಎಂದು ಅವನು ಆ ಹುಡುಗನಿಗೆ ಹೇಳಿದ್ದು ನನಗೆ ಕೇಳಿಸಿತು. ತಮ್ಮನ ದನಿಯಲ್ಲಿ ಜಂಬವಿತ್ತು. ಫೋನ್ ಆ ಹುಡುಗನ ಕೈಗೆ ಹೋಯಿತು. ನಾನು ಒಲೆ ಸಣ್ಣ ಮಾಡಿ, ಮೊದಲು ಅವನ ಮನೆ ಎಷ್ಟು ಆಳದಲ್ಲಿದೆ, ಏನೇನು ಓಡಿಸುತ್ತಿದ್ದಾನೆ ಎಂದು ವಿಚಾರಿಸಿ, ಆಮೇಲೆ ಹೇಳಲು ಶುರುಮಾಡಿದೆ.

"ಒಂದ್ ನಿಮ್ಷ ಅಕ್ಕ, ಬರ್ಕೋತೀನಿ" ಅಂದ ಆ ಹುಡುಗ. ಅವನು ಪೆನ್ನು ಹುಡುಕುವವರೆಗೂ ನಾನು ಫೋನ್ ಹಿಡಿದು ನಿಂತೆ.