ಹಳ್ಳದ ಆಚೆ ಕುಳಿತ ರಾಚಪ್ಪ

ರಾಚಪ್ಪನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ಬನಹಟ್ಟಿಯ ನೇಕಾರರ ಓಣಿ ನಗುತ್ತಿತ್ತು. ಉಣ್ಣಲು ಕೂತವನು ರೊಟ್ಟಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಹೋಗಿ ಬರುತ್ತಿದ್ದ. ಮನೆಗೆ ಬೀಗರು ಬಂದರೆ ಅವರು ನೀರು ಕುಡಿಯುವುದರೊಳಗೆ ಅಂಗಳವನ್ನೆಲ್ಲ ಅಳೆದುಬಿಡುತ್ತಿದ್ದ. ಎಂಥ ಮನುಷ್ಯನಪ್ಪಾ ಇವನು! ಮಗಳು ಮುತ್ತವ್ವ ಕೂಸಾಗಿದ್ದಾಗ ತೊಟ್ಟಿಲು ಮಿಸುಕಿದರೆ ಸಾಕು, ಎಲ್ಲರಿಗಿಂತ ಮೊದಲು ಓಡಿ ಅವಳನ್ನು ಹೆಗಲಿಗೆ ಹಾಕಿಕೊಂಡು ಓಣಿಯ ತುಂಬ ತಿರುಗುತ್ತಿದ್ದ. ಗಂಡಸು ಹೀಗೆ ಕೂಸು ಆಡಿಸುವುದೇ ಎಂದು ನಕ್ಕವರಿಗೆ ಅವನು ಕಿವಿಗೊಡಲಿಲ್ಲ.

ಅವನು ನೆಟ್ಟಗೆ ಕೂಡುತ್ತಿದ್ದುದು ಒಂದೇ ಕಡೆ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟಾಗ. ಆಗ ಕಾಲಿಗೂ ಕೆಲಸ, ಕೈಗೂ ಕೆಲಸ, ಮುಖದಲ್ಲಿ ಮಾತ್ರ ನೆಮ್ಮದಿ. ಅವನು ನೇಯ್ದ ಸೀರೆ ಜಮಖಂಡಿಯ ವಾಡೆಗಳಿಗೂ ಹೋಗುತ್ತಿತ್ತು, ಮುಧೋಳದ ಪೇಟೆಗೂ ಹೋಗುತ್ತಿತ್ತು. ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಡಲಿನ ನೂಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕಲ್ಲ, ಆ ಕೊಂಡಿ ಹಾಕುವ ಕೆಲಸಕ್ಕೆ ಮಾತ್ರ ಅವನಿಗೆ ಹೆಂಡತಿಯೇ ಬೇಕು. ಬೇರೆಯವರ ಕೊಂಡಿ ಅವನಿಗೆ ಸೇರದು. ಎದುರುಬದುರು ಕೂತು ಇಂದ್ರವ್ವ ಕೊಂಡಿ ಹಾಕುತ್ತ ಹೋದರೆ, ಅವನು ಬೆರಳಾಡಿಸಿ "ಸೈ" ಎನ್ನುತ್ತಿದ್ದ. ಅವರ ಸಂಸಾರದ ಸುಖದ ಮಾತೆಲ್ಲ ಆದದ್ದು ಈ ಎಳೆಗಳ ನಡುವೆಯೇ.

ಮುತ್ತವ್ವನನ್ನು ಚಿಮ್ಮಡಕ್ಕೆ ಕೊಡುವುದೆಂದು ನಿಶ್ಚಯವಾಯಿತು. ಅವಳ ಮದುವೆ ಸೀರೆ ಮಗ್ಗದ ಮೇಲಿತ್ತು, ಸೆರಗು ಮುಗಿದು ಒಡಲು ಅರ್ಧವಾಗಿತ್ತು. ಅಷ್ಟರಲ್ಲಿ ಊರಿಗೆ ಪ್ಲೇಗು ಬಂತು. ಮನೆಮನೆಯಲ್ಲಿ ಇಲಿ ಸತ್ತು ಬೀಳತೊಡಗಿದವು. ಜನ ಪಾತ್ರೆಪಗಡ ಹೊತ್ತು ಊರು ಬಿಟ್ಟರು. ರಾಚಪ್ಪನ ಸಂಸಾರ ಊರ ಹೊರಗಿನ ಹಳ್ಳ ದಾಟಿ, ಈಚೆ ದಂಡೆಗಿದ್ದ ಪರಿಚಯದ ಗೂಳಪ್ಪನ ಹೊಲದಲ್ಲಿ ಗುಡಿಸಲು ಹಾಕಿತು. ಎಲ್ಲವನ್ನೂ ಹೊತ್ತು ತರಬಹುದು, ನೆಲದಲ್ಲಿ ತೋಡಿದ ಮಗ್ಗದ ಕುಣಿಯನ್ನು ಹೊತ್ತು ತರಲಾದೀತೆ?

ರಾಚಪ್ಪ ಗುಡಿಸಲನ್ನು ಸುತ್ತತೊಡಗಿದ. ಸುತ್ತಿದ್ದೇ ಸುತ್ತಿದ್ದು.

"ಮದವಿ ಸೀರಿ ನಡುವ ಬಿಟ್ಟು ಬಂದೇವಿ. ಹಿಂಗ ಬಿಡಬಾರದು," ಎಂದ.

"ಜೀವ ಇದ್ರ ಮಗ್ಗಕ್ಕ ಇನ್ನೊಂದು ಹಾಸು ಹಾಕಿ ನೇಯೂಣಂತ. ನಾನೇ ಕೊಂಡಿ ಹಾಕ್ತೇನಿ. ಸುಮ್ಮನ ಕೂಡ್ರಿ," ಎಂದಳು ಇಂದ್ರವ್ವ.

ಸುಮ್ಮನೆ ಕೂಡುವ ಗಿರಾಕಿಯೇ ಅವನು? ದಿನಾ ಬೆಳಗಾದರೆ ಕಟ್ಟಿಗೆ ತರುತ್ತೇನೆಂದು ಹೋಗಿ, ಹೊತ್ತು ಇಳಿದ ಮೇಲೆ ಸಣ್ಣದೊಂದು ಹೊರೆ ತರುತ್ತಿದ್ದ. ಇಂದ್ರವ್ವನಿಗೆ ಅನುಮಾನ ಬಂದಿತ್ತು. ಒಂದು ಮಧ್ಯಾಹ್ನ ಅವಳು ಹಳ್ಳದ ದಂಡೆಯಲ್ಲಿ ನಿಂತಿದ್ದಾಗ ಅವನು ಊರ ಕಡೆಯಿಂದ ಬರುವುದು ಕಂಡಿತು. ಹೆಗಲ ಮೇಲೆ ನೇಯ್ದು ಮುಗಿಸಿ ಮಡಿಸಿದ ಮದುವೆ ಸೀರೆ. ಮುಖ ಅರಳಿತ್ತು. ಹಿಂದಿನಿಂದ ಮುತ್ತವ್ವ "ಅಪ್ಪಾ" ಎನ್ನುತ್ತ ನೀರಿಗಿಳಿಯಲು ಓಡಿದಳು. ಇಂದ್ರವ್ವ ಮಗಳ ರಟ್ಟೆ ಹಿಡಿದು ಎಳೆದಳು.

"ಅಲ್ಲೇ ನಿಂದರ್ರಿ. ಮನ್ಯಾಗ ಇಲಿ ಬಿದ್ದಿದ್ದಿಲ್ಲೇನು?"

"ಬಿದ್ದಿದ್ದವು. ಆಚಿಗೆ ಸರಿಸಿ ಕುಂತೆ. ಮಗ್ಗದ ಮ್ಯಾಲಿನ ಅರಿವಿಗೆ ಮೈಲಿಗಿ ಎಲ್ಲಿಂದ ಬಂತು?"

ನೇಕಾರನಲ್ಲದವನು ಈ ತಪ್ಪು ಮಾಡುತ್ತಿರಲಿಲ್ಲ. ಉಡುವ ತನಕ ಹೊಸ ಅರಿವೆಗೆ ಯಾವ ಮೈಲಿಗೆಯೂ ತಾಕದು, ಸೂತಕದವನು ಮುಟ್ಟಿದರೂ ನಡೆಯುತ್ತದೆ ಎಂಬುದು ಅವರ ಓಣಿಯ ನಂಬಿಕೆ. ಪ್ಲೇಗಿನ ಮನೆಯ ಹಾಸಿಗೆ ಅರಿವೆಗಳನ್ನು ಜಮಖಂಡಿ ಸಂಸ್ಥಾನದ ಜನ ರಾಶಿ ಹಾಕಿ ಸುಟ್ಟದ್ದನ್ನು ರಾಚಪ್ಪನೂ ಕಂಡಿದ್ದ. ಆದರೆ ಅವು ಉಟ್ಟ ಅರಿವೆ, ತನ್ನದು ಉಡದ ಸೀರೆ ಎಂದುಕೊಂಡಿದ್ದ.

"ಮೈಲಿಗಿ ಬ್ಯಾರೆ, ಬ್ಯಾನಿ ಬ್ಯಾರೆ. ಅದನ್ನ ಮಗಳ ಮೈಗೆ ಸುತ್ತತೀರೇನು?" ಎಂದಳು ಇಂದ್ರವ್ವ.

ರಾಚಪ್ಪ ಸೀರೆಯನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಅದನ್ನು ಕಲ್ಲಿನ ಮೇಲಿಟ್ಟು, ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದ. ರೇಷ್ಮೆ ಉರಿದು, ಕೂದಲು ಸುಟ್ಟಂಥ ವಾಸನೆ ಈಚೆ ದಂಡೆಗೂ ಬಂತು. ಮುತ್ತವ್ವ ಅತ್ತಳು. ಇಂದ್ರವ್ವನೂ ಅತ್ತಳು, ಆ ಸೆರಗಿನ ಕೊಂಡಿಗಳು ಅವಳವು.

"ಆತು, ಹೋತು. ಜಳಕಾ ಮಾಡಿ ಬರ್ರಿ, ಉಣ್ಣೂಣು," ಎಂದಳು.

"ನಾ ಬರಂಗಿಲ್ಲ," ಎಂದ ರಾಚಪ್ಪ. "ನಾನೂ ಆ ಮನ್ಯಾಗಿಂದ ಬಂದಾವ."

ಸೀರೆಯ ಚಿಂತೆಯಲ್ಲಿ ಇಂದ್ರವ್ವನಿಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ದಿನ ಸಂಜೆ ಬಂದು ಒಂದೇ ಗುಡಿಸಲಲ್ಲಿ ಮಲಗಿದ್ದಾನಲ್ಲ ಎಂಬುದೂ ಆಗಲೇ ನೆನಪಾಯಿತು. ಮುತ್ತವ್ವನ ಹಣೆ ಮುಟ್ಟಿ ನೋಡಿದಳು, ತಣ್ಣಗಿತ್ತು.

ಆವತ್ತಿನಿಂದ ರಾಚಪ್ಪ ಆಚೆ ದಂಡೆಯ ಬನ್ನಿ ಮರದ ಕೆಳಗೆ ಕುಳಿತ. ಹಳ್ಳದ ನಡುವಿನ ಬಂಡೆಯ ಮೇಲೆ ಇಂದ್ರವ್ವ ರೊಟ್ಟಿ ಇಟ್ಟು ಹಿಂದೆ ಸರಿದ ಮೇಲೆ ಬಂದು ಒಯ್ಯುತ್ತಿದ್ದ. ಈಗ ಕಾಲಿಗೆ ಚಕ್ರ ಬಂದದ್ದು ಇಂದ್ರವ್ವನಿಗೆ. ಒಲೆಯ ಮುಂದೆ ನಿಲ್ಲಲಾರಳು, ದಂಡೆಯಲ್ಲೂ ನಿಲ್ಲಲಾರಳು. ಅವನು ಕೆಮ್ಮಿದರೆ ಓಡುವಳು, ಮಗಳು ಆಕಳಿಸಿದರೆ ಓಡಿ ಬರುವಳು. "ಕುಂತಾನಲ್ಲಬೇ ನಿನ್ನ ಗಂಡ, ಇನ್ನೇನ ಬೇಕು," ಎಂದು ಗೂಳಪ್ಪ ಸಮಾಧಾನ ಹೇಳಿದರೆ ಅವನ ಮೇಲೆಯೇ ರೇಗಿದಳು. ಆ ಮನುಷ್ಯ ಸುಮ್ಮನೆ ಕೂತದ್ದೇ ಅವಳಿಗೆ ಹೆದರಿಕೆ.

ಜ್ವರ ಬರಲಿಲ್ಲ, ಯಾರಿಗೂ ಬರಲಿಲ್ಲ. ಹುಣ್ಣಿಮೆ ಕಳೆದ ಮೇಲೆ ಅವನು ಮಿಂದು ಹಳ್ಳ ದಾಟಿದ. ಇಂದ್ರವ್ವ ಆಚೆ ಹೋಗಿ ನೋಡಿದಾಗ ಬನ್ನಿಯ ಬುಡದಲ್ಲಿ, ಅವನ ಹಿಮ್ಮಡಿ ಒತ್ತಿ ಒತ್ತಿ, ಮಗ್ಗದ ಕುಣಿಯಂಥ ಗುಂಡಿ ಬಿದ್ದಿತ್ತು.

ಅದಾದ ಮೇಲೆ ರಾಚಪ್ಪ ಬಹಳ ವರ್ಷ ನೇಯ್ದ. ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ವರ್ಷ ತೀರಿಕೊಂಡ. ಓಣಿಯವರು ಅವನ ಸೀರೆಗಳನ್ನು ಹೊಗಳಿದರು. ಇಂದ್ರವ್ವ ಮಾತ್ರ ಮಗಳ ಮದುವೆಯ ದಿನವನ್ನು ನೆನೆದಳು.

ಪ್ಲೇಗು ಕಳೆದು ಮದುವೆ ಬಂದಾಗ ಹೊಸ ಹಾಸು ಹಾಕಿ ನೇಯಲು ಹೊತ್ತಿರಲಿಲ್ಲ. ಮುತ್ತವ್ವ ಉಟ್ಟದ್ದು ರಬಕವಿಯ ಅಂಗಡಿಯಿಂದ ತಂದ ಸೀರೆ. ರಾಚಪ್ಪ ಹಂದರದ ತುಂಬ ತಿರುಗಿದ, ಬಾಗಿಲಿಗೆ ಹೋದ, ಬಂದ. ಕೊನೆಗೆ ತಡೆಯಲಾರದೆ ಮದುಮಗಳ ಸೆರಗು ಹಿಡಿದು ಬೆರಳಾಡಿಸಿದ.

"ಯಾರ ಕೊಂಡಿ ಇವು? ಸೈ ಇಲ್ಲ."

"ಮಗಳು ಸೈ ಅದಾಳ್ರಿ," ಎಂದಳು ಇಂದ್ರವ್ವ. "ಸುಮ್ಮನ ಕೂಡ್ರಿ."

ಅವನು ಕುಳಿತ.