ಸೋಮವಾರ ಹೂಡಿದ ಮೋಟಾರು

ಮೋಟಾರಿಗೂ ದಣಿವಾಗುತ್ತದೆ, ಅದಕ್ಕೂ ವಾರಕ್ಕೊಮ್ಮೆ ಬಿಡುವು ಬೇಕು ಎಂಬುದು ನಮ್ಮ ಕಾಕಾನ ನಂಬಿಕೆ. ಮೂಡಲಗಿಯ ನಮ್ಮ ಮನೆಯಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಗೋಕಾಕದ ಅರಳೆ ವ್ಯಾಪಾರಿಯೊಬ್ಬರಿಂದ ಹಳೆಯ ಮೋಟಾರೊಂದನ್ನು ಕೊಂಡು ತಂದ ಕಾಕಾ ಅದನ್ನು ಎತ್ತುಗಳ ಬಾಜೂಕೇ ಕಟ್ಟಿದ. ನಿಲ್ಲಿಸಿದ ಎಂದು ಅವನು ಎಂದೂ ಅನ್ನಲಿಲ್ಲ, ಕಟ್ಟಿದೆ ಎಂದೇ ಅನ್ನುತ್ತಿದ್ದ. ಸೋಮವಾರ ಅದರ ಮೈ ತೊಳೆದು, ಮೂತಿಗೆ ವಿಭೂತಿ ಬಳಿದು, ಸಂಜೆಯವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತಿದ್ದ.

ಓಡಿಸುತ್ತಿದ್ದವನು ನಾನು. ಗೋಕಾಕದಲ್ಲಿ, ಊರೂರಿಗೆ ಜನ ಸಾಗಿಸುವ ಸರ್ವಿಸ್ ಮೋಟಾರಿನ ಡ್ರೈವರರೊಬ್ಬರ ಕೈಯಲ್ಲಿ ಕಲಿತಿದ್ದೆ. ಕಲಿತದ್ದು ಕಾಕಾನ ಮುಂದೆ ನಡೆಯುತ್ತಿರಲಿಲ್ಲ. ಎಂಜಿನ್ನಿನ ಎಣ್ಣೆ ಕಪ್ಪಾಗಿದೆ, ಬಸಿದು ಹೊಸದು ಹಾಕೋಣ ಎಂದರೆ, ಹಳೆಯದು ಅದರ ಮೈಗೆ ಹಿಡಿದಿದೆ, ಮೇಲಷ್ಟು ಸುರಿದರೆ ಸಾಕು ಎನ್ನುತ್ತಿದ್ದ. ಟಾಯರು ಬಾಳಲಿ ಎಂದು ಕಲ್ಲಿನಂತೆ ಗಾಳಿ ತುಂಬಿಸಿದ್ದರಿಂದ ಕಲ್ಲೋಳಿಯ ದಾರಿಯಲ್ಲಿ ನಾವೆಲ್ಲ ಸೀಟಿನಿಂದ ಪುಟಿಯುತ್ತಿದ್ದೆವು. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡೆಂದು ಹೆಗಲು ತಟ್ಟುತ್ತಿದ್ದ, ಪೆಟ್ರೋಲು ಉಳಿಯಲೆಂದು. ಈ ಮಾತುಗಳನ್ನು ಇವತ್ತಿಗೂ ಕಾರಿಟ್ಟವರ ಬಾಯಲ್ಲಿ ಕೇಳುತ್ತೇನೆ. ಕಪ್ಪಾದ ಎಣ್ಣೆಯಲ್ಲಿ ಸವೆದ ಕಬ್ಬಿಣದ ಪುಡಿ ಇರುತ್ತದಪ್ಪಾ, ಬಸಿಯಲೇಬೇಕು. ಅತಿ ಬಿಗಿದ ಟಾಯರು ನಟ್ಟನಡುವೆ ಸವೆದು ಬೇಗ ಹೋಗುತ್ತದೆ. ಎಂಜಿನ್ ಆರಿಸಿ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೆ. ಯಾರು ಕೇಳುತ್ತಾರೆ?

ಮೋಟಾರು ಹೂಡಬೇಕಾಗಿ ಬಂದ ಆ ಸೋಮವಾರದ ಹಿಂದಿನ ದಿನ, ಹೊಲದಲ್ಲಿ ಕಬ್ಬಿನ ಒಣಗರಿ ಸುಲಿಯುವಾಗ, ಕಾಕಾನ ಹೆಂಡತಿ ನಮ್ಮ ಕಾಕುವಿನ ಬಲಗಣ್ಣಿಗೆ ಗರಿ ಬಡಿದಿತ್ತು. ಬೆಳಗಾಗುವುದರೊಳಗೆ ಕಣ್ಣು ಊದಿ ಕೆಂಡವಾಗಿತ್ತು. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದದ್ದು ಇದೊಂದೇ. ಅಷ್ಟರಲ್ಲಿ ಬಟ್ಟೆ ಮಾರುವವನೊಬ್ಬ ಸುದ್ದಿ ತಂದ: ಹುಕ್ಕೇರಿಯ ಬಂಗಲೆಯಲ್ಲಿ ಕಣ್ಣಿನ ಡಾಕ್ಟರು ಇಳಿದಿದ್ದಾರೆ, ಇವತ್ತು ಮಧ್ಯಾಹ್ನಕ್ಕೆ ಹೊರಟುಬಿಡುತ್ತಾರೆ.

ನಾನು ಎಂಜಿನ್ ತಿರುವಿ ಶುರು ಮಾಡುವ ಹ್ಯಾಂಡಲ್ ಹಿಡಿದು ಓಡಿದೆ. ಕಾಕಾ ಅಡ್ಡ ನಿಂತ. ಇವತ್ತು ಯಾವ ವಾರ ಎಂದು ಕೇಳಿದ. ನಾನು ಬೇಡಿಕೊಂಡೆ, ರೇಗಿದೆ. ಅವನು ಕೊಟ್ಟಿಗೆಗೆ ಹೋದ, ಹೊರಗೆ ಬಂದ, ಮತ್ತೆ ಹೋದ. ಕೊನೆಗೆ ಹೊರಸಿನ ಮೇಲೆ ಮಲಗಿದ್ದ ಕಾಕುವೇ ಎದ್ದಳು.

"ಎತ್ತಿಗೆ ಸೋಮಾರ ಐತ್ರಿ, ಕಬ್ಬಿಣಕ್ಕ ಎಲ್ಲಿ ಸೋಮಾರ? ನೀವು ಮನ್ಯಾಗ ಕುಂಡ್ರರಿ, ನಾ ನಡಕೋತ ಹೊಕ್ಕೇನಿ."

ಅವಳು ಗೋಡೆ ತಡವುತ್ತ ಬಾಗಿಲು ಹುಡುಕತೊಡಗಿದಳು. ಅದನ್ನು ನೋಡಿ ಕಾಕಾ ಸೋತ. ಆದರೆ ಬಿಡುವಿನ ದಿನ ದುಡಿಯುವುದಾದರೆ ಅದು ಮರ್ಯಾದೆಯಿಂದ ಹೋಗಲಿ ಎಂದು, ಹಬ್ಬದಲ್ಲಿ ಎತ್ತಿನ ಬೆನ್ನಿಗೆ ಹೊದಿಸುವ ಕಸೂತಿಯ ಜೂಲು ತಂದು ಮೋಟಾರಿನ ಮೂತಿಗೆ ಬಿಗಿದು ಕಟ್ಟಿದ. ಅದರ ಹಿಂದೆಯೇ ರೇಡಿಯೇಟರ್. ಎದುರು ಗಾಳಿ ಹೊಕ್ಕು ಎಂಜಿನ್ನಿನ ನೀರು ಆರುವ ಜಾಗವದು. ಗಾಳಿ ಕಟ್ಟುತ್ತದೆ ಎಂದೆ. ಹಾಗಾದರೆ ಹೋಗುವುದೇ ಬೇಡ ಎಂದ. ಊರು ದಾಟಿ ಬಿಚ್ಚೋಣವೆಂದರೆ ನನ್ನ ಬಾಜೂಕೇ ಕೂತು ಅದನ್ನೇ ಕಾಯುತ್ತಿದ್ದ.

ಗೋಕಾಕ ದಾಟುವಾಗಲೇ ಬಿಸಿಯ ವಾಸನೆ ಬಂತು. ಧುಪದಾಳದ ಹತ್ತಿರ ಬುಸ್ಸೆಂದು ಉಗಿ ಎದ್ದು ಮುಂದಿನ ದಾರಿಯೇ ಕಾಣದಾಯಿತು. ಗಾಡಿ ಇನ್ನೂ ನಿಂತಿರಲಿಲ್ಲ, ಕಾಕಾ ಡಬ್ಬಿ ಹಿಡಿದು ಹೊಳೆಗೆ ಓಡಿದ. ನಾನು ಜೂಲು ಕಿತ್ತೆಸೆದು ಬಾನೆಟ್ ಎತ್ತಿದೆ. ಅವನು ತುಂಬಿದ ಡಬ್ಬಿ ತಂದವನೇ ಧೋತರದ ಚುಂಗು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ, ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಎಂಜಿನ್ ಸೀಳುತ್ತದೆ ಎಂದು ಅವನ ರಟ್ಟೆ ಹಿಡಿದೆ. ಕೊಡವಿಕೊಂಡ. ಹೊತ್ತು ಏರುತ್ತಿದೆ, ಬಿಡು ಎಂದು ಗುದ್ದಾಡಿದ.

ಹಿಂದಿನ ಸೀಟಿನಿಂದ, ಕಣ್ಣಿಗೆ ಒದ್ದೆ ಅರಿವೆ ಒತ್ತಿಕೊಂಡೇ ಕಾಕು ಕೇಳಿದಳು: "ದಮ್ಮು ಹತ್ತಿದ ಎತ್ತಿಗೆ ಹಿಂಗ ನೀರು ಕುಡಸ್ತೀರೇನ್ರಿ?"

"ನಿನ್ನ ಕಣ್ಣಿಂದು ನೋಡ್ಲ್ಯೋ, ಇದರದು ನೋಡ್ಲ್ಯೋ?"

"ಕಣ್ಣು ನಂದು. ನಾ ಕಾಯಾಕತ್ತೇನಿ. ನೀವೂ ಒಂದೀಟು ಸುಮ್ಮ ಕುಂಡ್ರರಿ."

ಕಾಕಾ ಕೈ ತೆಗೆದ. ಆದರೆ ಕೂರಲಿಲ್ಲ. ಗಿಡದ ನೆರಳಿನಿಂದ ಮೋಟಾರಿಗೆ, ಮೋಟಾರಿನಿಂದ ನೆರಳಿಗೆ. ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ಇನ್ನೂ ಆಗಲಿಲ್ಲವೇನೋ ಎಂದು ನಾನೂ ಮತ್ತೆ ಮತ್ತೆ ಬಾನೆಟ್ಟಿನ ಹತ್ತಿರ ಅಂಗೈ ಹಿಡಿದು ನೋಡಿದೆ. ಕಾಯಬೇಕೆಂದು ಗೊತ್ತಿರುವುದು ಬೇರೆ, ಕಾಯುವುದು ಬೇರೆ. ಬಂಗಲೆಯ ಬಾಗಿಲಿಗೆ ಬೀಗ ಬಿದ್ದ ಹಾಗೆ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಕಾಕು ಮಾತ್ರ ನಮ್ಮಿಬ್ಬರ ಕಾಲಸಪ್ಪಳ ಕೇಳಿ, ಇವರಿಬ್ಬರೇ ನಡೆದಿದ್ದರೂ ಇಷ್ಟು ಹೊತ್ತಿಗೆ ಹುಕ್ಕೇರಿ ಮುಟ್ಟುತ್ತಿದ್ದರು ಎಂದು ಚಾಷ್ಟಿ ಮಾಡಿದಳು. ಉಗಿ ತಗ್ಗಿ, ಅಂಗೈಗೆ ಕಾವು ತಾಳುವಂತಾದ ಮೇಲೆ ಮುಚ್ಚಳವನ್ನು ಸಾವಕಾಶ ತಿರುವಿದೆ. ಎಂಜಿನ್ ಶುರು ಮಾಡಿಟ್ಟು, ಅದು ತಿರುಗುತ್ತಿರುವಾಗಲೇ ಸ್ವಲ್ಪ ಸ್ವಲ್ಪ ನೀರು ಹಾಕಿದೆ.

ಹುಕ್ಕೇರಿಯ ಬಂಗಲೆಯ ಮುಂದೆ ಡಾಕ್ಟರ ಪೆಟ್ಟಿಗೆಗಳು ಟಾಂಗಾ ಏರಿದ್ದವು. ಹ್ಯಾಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ ಅವರು ಬೇಸರದಿಂದಲೇ ಕಾಕುವಿನ ಅರಿವೆ ಸರಿಸಿ ನೋಡಿದರು, ಹ್ಯಾಟು ತೆಗೆದು ನನ್ನ ಕೈಗೆ ಕೊಟ್ಟರು. ಒಳಗೆ ಕರೆದೊಯ್ದು ಗರಿಯ ಚೂರೊಂದನ್ನು ತೆಗೆದು, ಔಷಧ ಹಾಕಿ ಪಟ್ಟಿ ಕಟ್ಟಿದರು. ಗಾಯದ ಮೇಲೆ ಬಿಳಿ ಪೊರೆ ಕಟ್ಟದಿದ್ದರೆ ಕಣ್ಣು ಕಾಣುತ್ತದೆ, ಈಗಲೇ ಏನೂ ಹೇಳಲಾರೆ, ಒಂದು ವಾರ ಪಟ್ಟಿ ಬಿಚ್ಚಬೇಡಿ ಎಂದರು.

ಆ ವಾರ ಕಾಕಾ ಹೊಲಕ್ಕೆ ಹೋಗಲಿಲ್ಲ, ಕ್ಷೌರಕ್ಕೂ ಕೂರಲಿಲ್ಲ, ಹೊಸ್ತಿಲ ಒಳಗೂ ಹೊರಗೂ ತಿರುಗಿದ. ಗೋಕಾಕದಿಂದ ಕಂಪೌಂಡರರನ್ನು ನಾನೇ ಕರೆತಂದೆ. ಅವರು ಪಟ್ಟಿ ಬಿಚ್ಚುವಾಗ ಮನೆಮಂದಿಯೆಲ್ಲ ಸುತ್ತ ನೆರೆದಿದ್ದೆವು. ಕಾಕು ರೆಪ್ಪೆ ಬಡಿದಳು, ಬಹಳ ಹೊತ್ತು ಎದುರಿಗೇ ನೋಡಿದಳು.

"ಏನರ ಕಾಣತೈತೇನ?" ಕಾಕಾ ಕೇಳಿದ.

"ಯಾರೋ ಮುದಕಾ ನಿಂತಾನ. ಬಿಳೀ ಗಡ್ಡಾ ಬಿಟ್ಟಾನ. ಯಾರ್ರೀ ಅವರು?"

ಕಾಕಾ ಗದ್ದ ಮುಟ್ಟಿಕೊಂಡ. ಅಲ್ಲೇ ನೆಲದ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ಅತ್ತ.