ನೆಂಟರ ಗಾಡಿಗೆ ಮಾತ್ರ ಪಾಸು

ಹೋದ ಭಾನುವಾರ ನನ್ನ ಮಗಳ ಮದುವೆ ನಿಶ್ಚಯವಾಗಿಬಿಟ್ಟಿತ್ತು. ನಿಶ್ಚಯ ಮಾಡಿದ್ದು ನಾನಲ್ಲ, ಅವಳಮ್ಮನೂ ಅಲ್ಲ, ಜೋಯಿಸರಂತೂ ಅಲ್ಲವೇ ಅಲ್ಲ. ನಮ್ಮ ಬೀದಿಯ ಗೇಟಿನವನು!

ನಗಬೇಡಿ. ಮೊದಲು ಗೇಟಿನ ಕಥೆ ಕೇಳಿ.

ನಮ್ಮದು ನಂಜನಗೂಡಿನ ದೇವಸ್ಥಾನದ ಮಗ್ಗುಲ ಹಳೇ ಬೀದಿ. ಎರಡು ಎತ್ತಿನಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟೇ ಅಗಲ. ಅಂಥದ್ದರಲ್ಲಿ ಸೋಮವಾರ ಬಂತೆಂದರೆ ಕಾರು, ಟೆಂಪೋ, ಹಾರನ್ನು. ನಮ್ಮ ಜಗುಲಿಗೆ ಬಂಪರ್ ಒತ್ತಿಸಿ ನಿಲ್ಲಿಸಿ, "ಐದೇ ನಿಮಿಷ ಅಂಕಲ್" ಎಂದು ಹೋದವರು ಕಪಿಲೆಯಲ್ಲಿ ಮುಳುಗು ಹಾಕಿ, ದರ್ಶನ ಮಾಡಿ, ಮಸಾಲೆದೋಸೆ ತಿಂದು ಬರುತ್ತಿದ್ದರು. ಬೇಸತ್ತು ಬೀದಿಯವರೆಲ್ಲ ಸೇರಿ ಕೂಗಾಡಿದೆವು. (ಹೆಚ್ಚು ಕೂಗಿದವನು ನಾನೇ. ಈ ಅಂಕಣದಲ್ಲೂ ಕೂಗಿದ್ದೆ, ನಿಮಗೆ ನೆನಪಿರಬಹುದು.) ಕೊನೆಗೂ ಗೇಟು ಬಂತು. ಜೊತೆಗೆ ಪಾಸೂ ಬಂತು.

ರೂಲ್ಸು ಸಿಂಪಲ್. ಬೀದಿಯವರ ಗಾಡಿಗೆ ಸ್ಟಿಕ್ಕರು. ನೆಂಟರು ಬಂದರೆ ಗೇಟಿನವನು ಮನೆಗೆ ಫೋನು ಮಾಡಿ, ಕೇಳಿ, ಒಂದು ದಿನದ ಪಾಸು ಕೊಡುತ್ತಾನೆ. ಉಳಿದವರು ಗಾಡಿಯನ್ನು ಆಚೆ ನಿಲ್ಲಿಸಿ ನಡೆದು ಬರಬೇಕು. ಅಬ್ಬಾ, ಆಮೇಲೆ ನೋಡಿ, ನಮ್ಮ ಬೀದಿಗೆ ಅದೆಷ್ಟು ನೆಂಟರು! ಮೈಸೂರಿಗೆ ಮೈಸೂರೇ ನಮ್ಮ ಸೋದರತ್ತೆ ಮಕ್ಕಳು. "ಬಾಡಿಗೆ ಗಾಡಿ ಡ್ರೈವರೂ ನೆಂಟ ಅಂತಾನೆ ಸಾ" ಎಂದು ಗೇಟಿನ ಮಾದಪ್ಪ ಗೊಣಗುತ್ತಿದ್ದ. ಹಾಗಾಗಿ ಅವನೀಗ ಭಾರಿ ಸ್ಟ್ರಿಕ್ಟು. ಫೋನನ್ನು ಸ್ಪೀಕರಿಗೆ ಹಾಕಿ, ಗಾಡಿಯವರ ಎದುರಿಗೇ ಕೇಳುತ್ತಾನೆ.

ಇಂಥ ಬೀದಿಗೆ ಭಾನುವಾರ ಟಿ. ನರಸೀಪುರದಿಂದ ಹುಡುಗಿ ನೋಡಲು ಬಂದರು.

ಹುಡುಗಿ ನಮ್ಮ ಚೈತ್ರ. ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿ ಕೆಮಿಸ್ಟು. "ಬರಲಿ, ನೋಡ್ತೀನಿ. ಆದ್ರೆ ಹೂಂ ಅನ್ನೋಳೂ ನಾನೇ, ಉಹೂಂ ಅನ್ನೋಳೂ ನಾನೇ. ನೀನು ಮಧ್ಯ ಬಾಯಿ ಹಾಕ್ಬೇಡಪ್ಪಾ" ಎಂದು ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಮ್ಮ ಕಡೆ ಗೊತ್ತಲ್ಲ, ಮಾತುಕತೆ ಮುಗಿಯುವ ತನಕ ಗಂಡಿನ ಕಡೆಯವರನ್ನು ಯಾರೂ ನೆಂಟರು ಎನ್ನುವುದಿಲ್ಲ. 'ಬರೋರು' ಅನ್ನುತ್ತೇವೆ, ಅಷ್ಟೇ. ನೆಂಟರು ಎಂದರೆ ಮುಗೀತು, ಒಪ್ಪಿದ ಹಾಗೆ.

ಬಿಸಿಲೇರುವ ಹೊತ್ತಿಗೆ ಫೋನು ಬಂತು.

"ಸಾ, ಗೇಟಿಂದ ಮಾದಪ್ಪ. ನರಸೀಪುರದ ಗಾಡಿ ಬಂದದೆ. ನಿಮ್ ನೆಂಟ್ರಾ?"

"ಅವರು... ನಮ್ಮನೆಗೆ ಬರೋರು ಕಣಪ್ಪಾ. ಬಿಡು."

"ಬರೋರು ಎಲ್ಲಾರೂವೆ ಸಾ. ನೆಂಟ್ರಾ ಅಲ್ವಾ, ಅದ್ ಯೋಳಿ."

"ಇನ್ನೂ ಆಗಿಲ್ಲ..."

"ಅಂಗಾದ್ರೆ ವಾಪಸ್ ಕಳುಸ್ಲಾ?"

ಅವನ ಹಿಂದಿನಿಂದ ಒಂದು ಮುದಿ ದನಿ: "ಯಾಕ್ಲಾ, ನಮ್ಮುನ್ನ ಬ್ಯಾಡ ಅಂದ್ರಾ?"

ಹುಡುಗನ ಅಜ್ಜಿ. ಮಂಡಿನೋವು, ನಾಲ್ಕು ಹೆಜ್ಜೆ ನಡೆಯಲಾರರು ಎಂದು ಮೊದಲೇ ಹೇಳಿದ್ದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

"ನೆಂಟ್ರು ಕಣಯ್ಯಾ, ನೆಂಟ್ರೇ! ಬಿಡು!" ಎಂದು ಕೂಗಿದೆ.

ಫೋನಿನಲ್ಲಿ ಅಜ್ಜಿಯ ಸಂಭ್ರಮ ಕೇಳಿಸಿತು. "ಕೇಳುದ್ರಾ? ಒಪ್ಕಂಡವ್ರೆ! ಲೇ, ಆ ಅಂಗ್ಡೀಲಿ ಸಕ್ರೆ ತಗಳ್ರಲಾ!"

ತಿರುಗಿದರೆ ಬಾಗಿಲಲ್ಲಿ ಚೈತ್ರ.

"ನೀನು ಹೂಂ ಅಂದಿದ್ದು ಗಾಡಿಗೋ, ನನ್ನ ಮದ್ವೆಗೋ?"

"ಅಜ್ಜಿಗೆ ಮಂಡಿನೋವಂತೆ, ಅದಕ್ಕೆ..." ಎಂದು ತೊದಲಿದೆ. ಅವಳ ಕಣ್ಣಲ್ಲಿ ನೀರಾಡಿತು. ಒಳಗೆ ಹೋದಳು.

ಕಾರು ಬಂತು. ಅಜ್ಜಿ ಇಳಿದವರೇ ನನ್ನ ಹೆಂಡತಿಯ ಬಾಯಿಗೆ ಸಕ್ಕರೆ ಸುರಿದರು. ಹುಡುಗನ ಅಪ್ಪ "ಬೀಗರೇ!" ಎಂದು ನನ್ನನ್ನು ತಬ್ಬಿಕೊಂಡರು. ಕೂತದ್ದೇ ತಡ, ಯಾವ ಛತ್ರ, ಯಾವ ತಿಂಗಳು ಎಂದು ಶುರುವಾಯಿತು. ಹುಡುಗ ಮಾತ್ರ, ಪಾಪ, ಪಾಸನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಿದ್ದ.

ನಾನು ಪೆಚ್ಚಾಗಿ ಕೂತೆ. ಬೀದಿಗೆ ಬರುವ ಕಾರನ್ನು ತಡೆದು ಯಾರು, ಯಾಕೆ, ಎಷ್ಟು ಹೊತ್ತು ಎಂದು ಕೇಳಬೇಕೆಂದು ಗಂಟಲು ಹರಿದುಕೊಂಡವನು ನಾನು. ಮಗಳ ಬಾಳಿಗೆ ಬರುವವನನ್ನು ಒಂದೇ ಫೋನಿನಲ್ಲಿ ಒಳಗೆ ಬಿಟ್ಟುಬಿಟ್ಟೆನಲ್ಲ! ಇಲ್ಲ, ತಪ್ಪಾಯಿತು, ಮಾತು ಇನ್ನೂ ಆಗಿಲ್ಲ ಎನ್ನಲು ಬಾಯಿ ತೆರೆದರೆ, ಅಜ್ಜಿಯ ಮುಖ ನೋಡಿ "ಕಾಫಿ ಬರ್ತಿದೆ" ಎಂದುಬಿಟ್ಟೆ.

ಅಷ್ಟರಲ್ಲಿ ಚೈತ್ರ ಕಾಫಿ ತಂದಳು. ಅಜ್ಜಿಯ ಮಂಡಿಯ ಕೆಳಗೆ ಒಂದು ದಿಂಬು ಇಟ್ಟಳು. ಅಜ್ಜಿ ಸಕ್ಕರೆ ಹಿಡಿದ ಕೈಯನ್ನು ಅವಳ ಬಾಯಿಯ ಹತ್ತಿರ ತಂದಾಗ, ಆ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದಳು. ಆಮೇಲೆ ಹುಡುಗನ ಕಡೆ ತಿರುಗಿ, ನಗುತ್ತಲೇ ಹೇಳಿದಳು:

"ನಮ್ಮಪ್ಪ ಪಾಸ್ ಕೊಟ್ಟಿರೋದು ನಿಮ್ ಕಾರಿಗೆ ಕಣ್ರೀ. ನಿಮ್ಗೆ ನಾನಿನ್ನೂ ಕೊಟ್ಟಿಲ್ಲ."